ಚಪ್ಪಾಳೆ ತಟ್ಟಿದ್ದಾಯಿತು, ಇನ್ನು ಪ್ರಶ್ನೆ ಕೇಳಲು ಬಿಡಿ

ಮುಂಬಯಿಯಲ್ಲಿ ಟೆಕ್ ಸಮಾವೇಶ ನಡೆಸುವ ಎಲ್ಲರಿಗೂ, ಅಲ್ಲಿ ವೇದಿಕೆ ಹತ್ತಿ ಮಾತಾಡುವ ಮಂತ್ರಿಗಳಿಗೂ ಅಧಿಕಾರಿಗಳಿಗೂ ಡೊಂಬಿವಲಿಯ ಕನ್ನಡತಿಯೊಬ್ಬಳ ನಮಸ್ಕಾರ.

ಪತ್ರ ಉದ್ದ ಇದೆ, ಬೇಡಿಕೆ ಚಿಕ್ಕದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರತಿ ಸಮಾವೇಶದಲ್ಲೂ ಒಂದು ಗಂಟೆಯನ್ನು ಪ್ರಶ್ನೆಗಳಿಗೆ ಇಡಿ. ಅದು ಮುಖ್ಯ ವೇದಿಕೆಯಲ್ಲೇ ಇರಲಿ. ಪ್ರಶ್ನೆಗಳನ್ನು ಮೊದಲೇ ಸೋಸಬೇಡಿ. ಪಾಸ್ ಕೊಳ್ಳಲಾಗದವರೂ ಬಂದು ಕೇಳುವಂತಿರಲಿ. ಮಂತ್ರಿಗಳು ಭಾಷಣ ಮುಗಿಸಿ ಹೊರಟುಹೋಗದೆ ಆ ಒಂದು ಗಂಟೆ ಕೂತಿರಲಿ. ಅಷ್ಟೇ.

ನಾನು ಪೇಮೆಂಟ್ ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು. ಒಂದು ವಸ್ತು ಎಲ್ಲಿ ಕೆಡುತ್ತದೆ ಅಂತ ಹುಡುಕುವುದಕ್ಕೇ ನನಗೆ ಸಂಬಳ. ಕಂಪನಿಯವರು ಆಗಾಗ ನಿಮ್ಮ ಸಮಾವೇಶಗಳಿಗೆ ಕಳಿಸುತ್ತಾರೆ. ಕುರ್ಲಾದಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಮೂರನೆಯವಳಾಗಿ ತುರುಕಿಕೊಂಡು ಬಿಕೆಸಿಗೆ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಬರುತ್ತೇನೆ. ಕೊರಳಿಗೆ ಪಾಸ್ ಹಾಕಿಕೊಂಡ ಕೂಡಲೇ ಬೇರೆ ದೇಶಕ್ಕೆ ಕಾಲಿಟ್ಟ ಹಾಗಾಗುತ್ತದೆ. ಏಸಿ ಜೋರಾಗಿರುತ್ತದೆ, ಕಾಫಿ ಚೆನ್ನಾಗಿರುತ್ತದೆ. ಇಡೀ ದಿನ ಅಲ್ಲಿ ಯಾವ ವಸ್ತುವೂ ಕೆಡುವುದಿಲ್ಲ. ಟೆಸ್ಟಿಂಗ್ ಮಾಡುವವಳಿಗೆ ಇದಕ್ಕಿಂತ ಅನುಮಾನದ ಸಂಗತಿ ಇನ್ನೊಂದಿಲ್ಲ.

ರಾಜಕೀಯ ಯಾಕೆ ತಂದಿರಿ ಅಂತ ನಾನು ಕೇಳುತ್ತಿಲ್ಲ. ಅದು ಬಂದು ಯಾವ ಕಾಲವಾಯಿತು. ಅಕ್ಟೋಬರ್ 2025ರಲ್ಲಿ ಮುಂಬಯಿಯಲ್ಲಿ ನಡೆದ, ಹಣಕಾಸು ತಂತ್ರಜ್ಞಾನದ ಮೇಳವಾದ ಗ್ಲೋಬಲ್ ಫಿನ್‌ಟೆಕ್ ಫೆಸ್ಟ್‌ನಲ್ಲಿ ನಮ್ಮ ಪ್ರಧಾನಿಯೂ ಬ್ರಿಟನ್ನಿನ ಪ್ರಧಾನಿ ಕೀರ್ ಸ್ಟಾರ್ಮರ್ ಅವರೂ ಒಂದೇ ವೇದಿಕೆಯಲ್ಲಿ ಮಾತಾಡಿದರು. 2023ರ ಫೆಸ್ಟ್‌ನಲ್ಲಿ ಮಾತಿನಲ್ಲೇ ಹಣ ಕಳಿಸುವ 'ಹಲೋ ಯುಪಿಐ' ಬಿಡುಗಡೆ ಮಾಡಿದವರು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್. 2025ರಲ್ಲಿ ಪಿನ್ ಬದಲು ಬೆರಳು, ಮುಖ ತೋರಿಸಿ ಪಾವತಿ ಮಾಡುವುದನ್ನು ಘೋಷಿಸಿದರು. ಚಾಟ್‌ಬಾಟ್ ಜೊತೆ ಮಾತಾಡುತ್ತಲೇ ಸಾಮಾನು ಕೊಳ್ಳುವ ಪ್ರಯೋಗವೂ ಆಗಲೇ ಬಂತು. ಎಐ ಶೃಂಗಸಭೆಗಳ ಕಥೆಯೂ ಇದೇ. 2023ರಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್, 2024ರಲ್ಲಿ ದಕ್ಷಿಣ ಕೊರಿಯಾದ ಸೋಲ್, 2025ರಲ್ಲಿ ಪ್ಯಾರಿಸ್, ಫೆಬ್ರವರಿ 2026ರಲ್ಲಿ ದೆಹಲಿಯ ಭಾರತ ಮಂಟಪಂ. ನೂರಾರು ಕೋಟಿ ಜನರ ದುಡ್ಡು, ಮುಖ, ದನಿ, ಕೆಲಸ ಮುಂದೆ ಏನಾಗುತ್ತದೆ ಅನ್ನುವುದರ ಮಾತುಕತೆ ಅಲ್ಲಿ ನಡೆಯುತ್ತದೆ. ಇದು ರಾಜಕೀಯ ಅಲ್ಲದಿದ್ದರೆ ಇನ್ನಾವುದು ರಾಜಕೀಯ? ಆದರೆ ರಾಜಕೀಯ ಅಂದಮೇಲೆ ಎದುರು ಮಾತೂ ಇರಬೇಕು, ಅಲ್ವಾ? ನಿಮ್ಮಲ್ಲಿ ಘೋಷಣೆ ಇದೆ, ಚಪ್ಪಾಳೆ ಇದೆ, ಫೋಟೋ ಇದೆ. ಎದುರು ಮಾತು ಮಾತ್ರ ಕಾಣುವುದಿಲ್ಲ.

'ಪ್ರಶ್ನೋತ್ತರ ಇಟ್ಟಿರುತ್ತೇವಲ್ಲ' ಅಂತ ನೀವು ಹೇಳಬಹುದು. ಇಟ್ಟಿರುತ್ತೀರಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನಿನಲ್ಲಿ ಪ್ರಶ್ನೆ ಟೈಪ್ ಮಾಡಬೇಕು. ಅದು ನಿರೂಪಕರ ಕೈಯಲ್ಲಿರುವ ಟ್ಯಾಬ್ಲೆಟ್‌ಗೆ ಹೋಗುತ್ತದೆ. ಅವರು ಮೇಲೆ ಕೆಳಗೆ ಸರಿಸಿ ನೋಡಿ, 'ಮುಂದಿನ ಐದು ವರ್ಷದಲ್ಲಿ ನಿಮಗೆ ಅತಿ ಹೆಚ್ಚು ಉತ್ಸಾಹ ತರುವ ಸಂಗತಿ ಯಾವುದು' ಅನ್ನುವ ಪ್ರಶ್ನೆಯನ್ನು ಹೆಕ್ಕುತ್ತಾರೆ. ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಇಂಥ ಒಂದು ಗೋಷ್ಠಿಯಲ್ಲಿ ನಾನೂ ಒಂದು ಪ್ರಶ್ನೆ ಕಳಿಸಿದ್ದೆ. ಕೆಳಗೆ ಹೇಳುವ ಹೋಟೆಲಿನದೇ ಪ್ರಶ್ನೆ. ಪರದೆಯ ಮೇಲೆ ಅದು ಬರಲೇ ಇಲ್ಲ.

ನಮ್ಮ ಕಡೆಯ ಒಂದು ಉಡುಪಿ ಹೋಟೆಲು. ಬೈಂದೂರು ಕಡೆಯವರದು. ಹುಡುಗನಾಗಿ ಮುಂಬಯಿಗೆ ಬಂದು, ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಮನುಷ್ಯ. ಮುಂಬಯಿ ಕನ್ನಡಿಗರಲ್ಲಿ ಅರ್ಧಕ್ಕರ್ಧ ಮನೆಯ ಚರಿತ್ರೆ ಇದೇ, ಹೊಸದೇನಲ್ಲ. ಗಲ್ಲಾದ ಪಕ್ಕ ಸೌಂಡ್‌ಬಾಕ್ಸ್ ಇದೆ. ಯಾರಾದರೂ ಸ್ಕ್ಯಾನ್ ಮಾಡಿದ ಕೂಡಲೇ ಎಷ್ಟು ರೂಪಾಯಿ ಬಂತು ಅಂತ ಕೂಗುತ್ತದೆ. ಒಂದು ದಿನ ಹಾಲಿನವನಿಗೆ ದುಡ್ಡು ಕಳಿಸಲು ಹೋದರು, ಹೋಗಲಿಲ್ಲ. ಗ್ಯಾಸಿನವನಿಗೂ ಹೋಗಲಿಲ್ಲ. ಬ್ಯಾಂಕಿಗೆ ಓಡಿದರೆ, 'ನಿಮ್ಮ ಖಾತೆ ಫ್ರೀಜ್ ಆಗಿದೆ, ಸೈಬರ್ ಕಂಪ್ಲೇಂಟ್ ಇದೆ' ಅಂದರು. ಬೇರೊಂದು ರಾಜ್ಯದ ಪೊಲೀಸರ ಹೆಸರು ಹೇಳಿ, ಒಂದು ಇಮೇಲ್ ವಿಳಾಸ ಬರೆದುಕೊಟ್ಟರು.

ಆಗಿದ್ದು ಇಷ್ಟು. ಎಲ್ಲೋ ಯಾರಿಗೋ ಮೋಸವಾಗಿದೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದಾರೆ. ಒಳ್ಳೆಯ ಕೆಲಸ, ಎಲ್ಲರೂ ಹಾಗೇ ಮಾಡಬೇಕು. ಕದ್ದ ಹಣ ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗುತ್ತದೆ. ಬ್ಯಾಂಕುಗಳು ಅದರ ಜಾಡು ಹಿಡಿದು ಒಂದೊಂದೇ ಖಾತೆಗೆ ತಡೆ ಹಾಕುತ್ತಾ ಬರುತ್ತವೆ. ಈ ಒಂದೊಂದು ಹಂತವನ್ನೂ ಅವರ ಭಾಷೆಯಲ್ಲಿ ಲೇಯರ್ ಅನ್ನುತ್ತಾರೆ. ಹೀಗೆ ಹೋಗಿ ಹೋಗಿ, ಕೊನೆಯ ಲೇಯರಿನಲ್ಲಿ ಯಾರೋ ಒಬ್ಬ ಗಿರಾಕಿ ಈ ಹೋಟೆಲಿಗೆ ಬಂದು ಮಸಾಲೆ ದೋಸೆ ತಿಂದು, ಕಾಫಿ ಕುಡಿದು, ಸ್ಕ್ಯಾನ್ ಮಾಡಿ ಹೋಗಿದ್ದಾನೆ. ಅವನೇ ಕಳ್ಳನೋ, ಕಳ್ಳನಿಗೆ ಏನೋ ಮಾರಿದವನೋ ಯಾರಿಗೆ ಗೊತ್ತು. ತಕರಾರು ಇದ್ದದ್ದು ಒಂದು ತಿಂಡಿಯ ಬಿಲ್ಲಿನಷ್ಟು ದುಡ್ಡಿಗೆ. ತಡೆ ಬಿದ್ದದ್ದು ಇಡೀ ಖಾತೆಗೆ. ನೆಗಡಿ ಆಯ್ತು ಅಂತ ಮೂಗನ್ನೇ ಕೊಯ್ದ ಹಾಗೆ.

ಇದರಲ್ಲಿ ಇನ್ನೊಂದು ತಮಾಷೆ ಕೇಳಿ. ಈ ತಡೆಯಲ್ಲಿ ಹಣ ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತದೆ. ಗಿರಾಕಿಗಳು ಸ್ಕ್ಯಾನ್ ಮಾಡುತ್ತಲೇ ಇದ್ದರು. ಸೌಂಡ್‌ಬಾಕ್ಸ್ 'ನಲವತ್ತು ರೂಪಾಯಿ ಬಂತು, ನೂರಿಪ್ಪತ್ತು ರೂಪಾಯಿ ಬಂತು' ಅಂತ ಖುಷಿಯಿಂದ ಕೂಗುತ್ತಲೇ ಇತ್ತು. ಬಂದ ದುಡ್ಡು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕೊನೆಗೆ ಅವರು ಆ ಡಬ್ಬಿಯ ಸ್ವಿಚ್ ಆರಿಸಿ, ಕ್ಯೂಆರ್ ಸ್ಟಿಕ್ಕರಿನ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದರು. 'ನಾನ್ ಎಂತ ತಪ್ಪ್ ಮಾಡಿದ್ದೆ ಹೇಳ್ ಕಾಂಬ, ಮಾರಾಯ್ತಿ? ದೋಸೆ ಕೊಡುಕ್ ಮುಂಚೆ ಅವ್ನ ದುಡ್ಡ್ ಎಲ್ಲಿಂದ ಬಂತ್ ಅಂತ ಕೇಣ್ಕಾ?' ಅಂತ ನನ್ನನ್ನು ಕೇಳಿದರು. ಪೇಮೆಂಟ್ ಕೆಲಸ ಮಾಡುವವಳು ಅಂತ ನನ್ನ ಹತ್ತಿರ ಉತ್ತರ ಇರುತ್ತದೆ ಅಂದುಕೊಂಡಿದ್ದರು. ಇಮೇಲ್ ನಾನೇ ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ ಬರೆದು, ಬಿಲ್ ಪುಸ್ತಕದ ಫೋಟೋ, ಆಧಾರ್, ಅಂಗಡಿ ಲೈಸೆನ್ಸ್ ಎಲ್ಲ ಸೇರಿಸಿ ಕಳಿಸಿದೆವು. ಬಹಳ ದಿನ ಉತ್ತರವೇ ಇಲ್ಲ. ಆಮೇಲೆ ಖುದ್ದಾಗಿ ಬನ್ನಿ ಅಂದರು. ದೋಸೆಯ ದುಡ್ಡಿಗೆ ರೈಲು ಹತ್ತಿ ಬೇರೆ ರಾಜ್ಯಕ್ಕೆ ಹೋಗಬೇಕಂತೆ! ಊರಿನ ವಕೀಲರೊಬ್ಬರು ಗಟ್ಟಿಯಾಗಿ ನೋಟಿಸ್ ಬರೆದ ಮೇಲೆ ತಡೆ ತೆರವಾಯಿತು. ಅಷ್ಟರಲ್ಲಿ ಹಾಲಿನವನ ಸಾಲ, ಹುಡುಗರ ಸಂಬಳ ಎಲ್ಲ ಕೈಸಾಲದಲ್ಲಿ ನಡೆದಿತ್ತು.

ಇದು ಒಬ್ಬರ ಗೋಳು ಅಂತ ತಳ್ಳಿಹಾಕಬೇಡಿ. ಇಂಥ ಫ್ರೀಜ್ ಬಗ್ಗೆ ಹೈಕೋರ್ಟುಗಳಿಗೆ ಅರ್ಜಿಗಳು ಹೋಗಿವೆ. ಪೊಲೀಸರು ಗುರುತಿಸಿದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಇಡೀ ಖಾತೆಗೆ ಬೇಡ ಅಂತ ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ. ಆಗಸ್ಟ್ 2025ರಲ್ಲಿ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಈ ಸಂಖ್ಯೆಯನ್ನು ನೀವು ವೇದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕುತ್ತೀರಿ, ಹಾಕಲೇಬೇಕು. ಹೆಮ್ಮೆಯ ಸಂಗತಿ, ನನಗೂ ಹೆಮ್ಮೆ ಇದೆ. ಯುಪಿಐ ನಡೆಸುವ ಎನ್‌ಪಿಸಿಐ ಇರುವುದು ನಮ್ಮ ಮುಂಬಯಿಯಲ್ಲೇ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸಂಖ್ಯೆಯನ್ನೂ ಹಾಕಿ. ಆ ತಿಂಗಳು ಎಷ್ಟು ಸಣ್ಣ ವ್ಯಾಪಾರಿಗಳ ಖಾತೆಗೆ ತಡೆ ಬಿತ್ತು, ಅವರಲ್ಲಿ ಎಷ್ಟು ಜನ ನಿರಪರಾಧಿಗಳು, ತೆರವಿಗೆ ಸರಾಸರಿ ಎಷ್ಟು ದಿನ ಹಿಡಿಯಿತು?

ಇದೇ ಹೋಟೆಲಿನಲ್ಲಿ ಜುಲೈ 2025ರಲ್ಲಿ ಬೇರೆ ಒಂದು ಭಯ ಹುಟ್ಟಿತ್ತು. ಕರ್ನಾಟಕದಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡು ಬಂತು. ಬಂದ್ ಕರೆ ಕೊಟ್ಟರು. ಆಮೇಲೆ ಮುಖ್ಯಮಂತ್ರಿ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ತೆರಿಗೆ ಕೊಡಬೇಕಾದವರು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಗದು ಬಿಟ್ಟು ಫೋನ್ ಹಿಡಿಯಿರಿ ಅಂತ ವೇದಿಕೆ ಮೇಲೆ ಕರೆದದ್ದು ಒಂದು ಸರಕಾರ, ಹಿಡಿದವರಿಗೆ ನೋಟಿಸ್ ಕೊಟ್ಟದ್ದು ಇನ್ನೊಂದು ಸರಕಾರ. ಸರಕಾರಗಳು ಬೇರೆ ಬೇರೆ ಪಕ್ಷದವು. ಅಂಗಡಿಯವನಿಗೆ ಮಾತ್ರ ಎರಡೂ ಒಂದೇ ಫೋನಿನಿಂದ ಬಂದ ಕಾಟ. ಅವನನ್ನು ಒಂದು ಗೋಷ್ಠಿಗೆ ಕರೆದು ಮೈಕ್ ಕೊಡಿ, ನೋಡೋಣ.

ಯುಪಿಐ ಖರ್ಚು ಯಾರು ಹೊರಬೇಕು ಅನ್ನುವ ಚರ್ಚೆಯೂ ಹೀಗೇ ಜಾರಿಹೋಗುತ್ತಿದೆ. ಜನವರಿ 2020ರಿಂದ ವ್ಯಾಪಾರಿಗಳಿಗೆ ಯುಪಿಐ ಮೇಲೆ ಶುಲ್ಕ ಇಲ್ಲ. ಬ್ಯಾಂಕುಗಳಿಗೆ ಕೇಂದ್ರ ಪ್ರೋತ್ಸಾಹಧನ ಕೊಡುತ್ತದೆ. 2024-25ಕ್ಕೆ ಅದು ಸುಮಾರು 1,500 ಕೋಟಿ ರೂಪಾಯಿ. ಯಾರಾದರೂ ಈ ಖರ್ಚು ಕೊಡಲೇಬೇಕಾಗುತ್ತದೆ ಅಂತ ರಿಸರ್ವ್ ಬ್ಯಾಂಕಿನ ಈಗಿನ ಗವರ್ನರ್ ಹೇಳಿದ್ದಾರೆ. ಶುಲ್ಕ ಹಾಕುವ ಸುದ್ದಿ ಜೂನ್ 2025ರಲ್ಲಿ ಹಬ್ಬಿದಾಗ ಹಣಕಾಸು ಸಚಿವಾಲಯ ಅಲ್ಲಗಳೆಯಿತು. ಹಾಗಾದರೆ ಯಾರು ಕೊಡಬೇಕು? ದುಡ್ಡಿನ ಪ್ರಶ್ನೆ, ಎಲ್ಲರ ಪ್ರಶ್ನೆ. ಮುಚ್ಚಿದ ಕೋಣೆಯಲ್ಲಿ ಯಾಕೆ?

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೆಂದೇ ಕೂತವಳು ನಾನು.

ಮಹಾರಾಷ್ಟ್ರದ ಲಾಡಕಿ ಬಹೀಣ್ ಯೋಜನೆ ಗೊತ್ತಲ್ಲ, 2024ರಲ್ಲಿ ವಿಧಾನಸಭೆ ಚುನಾವಣೆಗೆ ಮುಂಚೆ ಬಂದದ್ದು. ತಿಂಗಳಿಗೆ 1,500 ರೂಪಾಯಿ. ನಮ್ಮ ಗೃಹಲಕ್ಷ್ಮಿಯ ತಂಗಿ ಅನ್ನಿ. ಸೆಪ್ಟೆಂಬರ್ 2025ರಲ್ಲಿ ಎಲ್ಲರೂ ಇ-ಕೆವೈಸಿ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆ ಮಾಡಿಸಬೇಕು ಅಂತ ಆದೇಶ ಆಯಿತು. ಹೆಂಗಸಿನ ಆಧಾರ್ ಒಂದೇ ಸಾಲದು, ಗಂಡನದೋ ಅಪ್ಪನದೋ ಆಧಾರ್ ಕೂಡ ಬೇಕು, ಆ ಆಧಾರಿಗೆ ಜೋಡಿಸಿದ ಫೋನಿಗೆ ಬರುವ ಓಟಿಪಿಯೂ ಬೇಕು. ಹಣ ಅನರ್ಹರ ಪಾಲಾಗಬಾರದು ಅನ್ನುವುದು ಸರಕಾರದ ವಾದ. ಸರಿ.

ನಮ್ಮ ಕಡೆಯ ಕನ್ನಡ ಸಂಘದಲ್ಲಿ ಭಾನುವಾರ ನಾವು ಒಂದಷ್ಟು ಜನ ಕೂತು ಇದನ್ನು ಮಾಡಿಕೊಡುತ್ತಿದ್ದೆವು. ಬರುತ್ತಿದ್ದವರು ಜಾಸ್ತಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು, ಇಲ್ಲೇ ರೇಷನ್ ಕಾರ್ಡು ಮಾಡಿಸಿಕೊಂಡು ಬೇರು ಬಿಟ್ಟವರು. ಕಟ್ಟಡದ ಕೆಲಸ, ಮನೆಕೆಲಸ. ಒಬ್ಬ ಹೆಂಗಸಿನ ಗಂಡ ಪುಣೆಯಲ್ಲಿ ಸೈಟಿನ ಮೇಲೆ. ಅವನಿಗೆ ಫೋನ್ ಮಾಡಿ, ಅವನು ಸಿಮೆಂಟಿನ ಕೈ ಒರೆಸಿಕೊಂಡು ಫೋನ್ ತೆಗೆದು, ಓದಲು ಬಾರದೆ ಪಕ್ಕದವನಿಗೆ ತೋರಿಸಿ, ಅವನು ಮೆಸೇಜ್ ಹುಡುಕಿ ಸಂಖ್ಯೆ ಹೇಳುವಷ್ಟರಲ್ಲಿ ಪರದೆ ಮೇಲೆ 'ಸೆಷನ್ ಮುಗಿದಿದೆ' ಅಂತ ಬರುತ್ತಿತ್ತು. ಮತ್ತೆ ಮೊದಲಿಂದ. ಇನ್ನೊಬ್ಬಳ ಆಧಾರಿಗೆ ಜೋಡಿಸಿದ ಸಿಮ್ ಯಾವತ್ತೋ ಬಂದ್ ಆಗಿದೆ. ನಂಬರ್ ಬದಲಿಸಲು ಆಗ ಆಧಾರ್ ಕೇಂದ್ರಕ್ಕೆ ಹೋಗಬೇಕಿತ್ತು. ಅದಕ್ಕೆ ಅಕ್ಟೋಬರ್ 2025ರಿಂದ 75 ರೂಪಾಯಿ, ಜೊತೆಗೆ ಒಂದು ದಿನದ ಕೂಲಿ.

ಯಾದಗಿರಿ ಕಡೆಯ ಒಬ್ಬಾಕೆ ತನ್ನ ಸರದಿ ಬಂದಾಗ ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾರ್ಡು ತೆಗೆದಳು. ಎರಡು ಕಾರ್ಡು ಇತ್ತು. ಒಂದು ಅವಳದು, ಒಂದು ಗಂಡನದು. 'ಅಂವ ಸತ್ತ್ ನಾಕ್ ವರ್ಷಾತ್ರಿ ಅಕ್ಕಾರ. ಅವನ ಫೋನಿಗೆ ಬರೋ ನಂಬರ್ ನಾ ಎಲ್ಲಿಂದ ತರ್ಲಿ?' ಅಂದಳು. ಅಪ್ಪ ಸತ್ತು ಇನ್ನೂ ಹೆಚ್ಚು ಕಾಲವಾಗಿದೆಯಂತೆ. ಪರದೆ ಮೇಲೆ ಎರಡೇ ಆಯ್ಕೆ, ಗಂಡ ಅಥವಾ ಅಪ್ಪ. ಮೂರನೆಯದು ಇಲ್ಲ. ವಿಧವೆಯರು, ಗಂಡ ಬಿಟ್ಟವರು ಹೀಗೆ ಸಿಕ್ಕಿಹಾಕಿಕೊಂಡ ಸುದ್ದಿ ರಾಜ್ಯದ ಎಲ್ಲ ಕಡೆಯಿಂದ ಬಂದ ಮೇಲೆ ಸರಕಾರ ಅವರಿಗೆ ಬೇರೆ ದಾರಿ ಮಾಡಿತು, ಗಡುವನ್ನು ಡಿಸೆಂಬರ್ 31ಕ್ಕೆ ಮುಂದೂಡಿತು. ಮಾಡಿದ್ದು ಒಳ್ಳೆಯದು. ಆದರೆ ಟೆಸ್ಟ್ ಮಾಡುವವಳಾಗಿ ನನಗೆ ಇದು ಅರ್ಥವಾಗುವುದಿಲ್ಲ. ಫಾರ್ಮ್ ಜನರ ಮುಂದೆ ಹೋಗುವ ಮೊದಲು 'ಗಂಡ ಇಲ್ಲ, ಅಪ್ಪ ಇಲ್ಲ' ಅನ್ನುವ ಒಂದೇ ಒಂದು ಟೆಸ್ಟ್ ಕೇಸ್ ಯಾರಿಗೂ ಹೊಳೆಯಲಿಲ್ಲವೇ? ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದ ಹುಡುಗಿಯೂ ಇದನ್ನು ಬರೆಯುತ್ತಾಳೆ. ಹೊಳೆಯಲಿಲ್ಲ ಯಾಕೆಂದರೆ ಇಂಥ ವ್ಯವಸ್ಥೆಗಳ ಮಾತಾಡುವ ಯಾವ ಕೋಣೆಯಲ್ಲೂ ಯಾದಗಿರಿಯ ಆಕೆ ಇಲ್ಲ. ಅಂದಹಾಗೆ, ದೇಶದ ಮೊದಲ ಆಧಾರ್ ಕಾರ್ಡು ಕೊಟ್ಟದ್ದು ಇದೇ ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಹಳ್ಳಿಯಲ್ಲಿ, ಸೆಪ್ಟೆಂಬರ್ 2010ರಲ್ಲಿ, ಒಬ್ಬ ಬಡ ಹೆಂಗಸಿಗೆ. ಫೋಟೋಕ್ಕೆ ಅವಳು ಬೇಕಾಗಿದ್ದಳು.

'ಇವೆಲ್ಲ ವಿಧಾನಸಭೆಯಲ್ಲಿ, ಸಂಸತ್ತಿನಲ್ಲಿ ಕೇಳಬೇಕಾದ ಪ್ರಶ್ನೆ, ನಮ್ಮಲ್ಲಿ ಯಾಕೆ' ಅಂತ ಸಂಘಟಕರು ಅನ್ನಬಹುದು. ಅಲ್ಲಿ ಏನಾಯಿತು ನೋಡಿ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಆಗಸ್ಟ್ 2023ರಲ್ಲಿ ಪಾಸಾಯಿತು. 7ನೇ ತಾರೀಕು ಲೋಕಸಭೆ, 9ಕ್ಕೆ ರಾಜ್ಯಸಭೆ. ಎರಡೂ ಕಡೆ ಧ್ವನಿಮತ. ಮಣಿಪುರದ ಗದ್ದಲದ ನಡುವೆ ಚರ್ಚೆ ಅಂತ ನಡೆದದ್ದು ಸ್ವಲ್ಪವೇ. ಆ ಕಾಯ್ದೆಯ 44(3)ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ಬದಲಿಸಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ಅಧಿಕಾರಿ ಕೊಡದೇ ಇರಬಹುದಿತ್ತು. ಸಂಸತ್ತಿಗೆ ಇಲ್ಲ ಅನ್ನಲಾಗದ ಮಾಹಿತಿಯನ್ನು ಪ್ರಜೆಗೂ ಇಲ್ಲ ಅನ್ನಬಾರದು ಅಂತಲೂ ಅಲ್ಲಿ ಇತ್ತು. ಈಗ ಅವೆರಡೂ ಹೋಗಿ, ವೈಯಕ್ತಿಕ ಮಾಹಿತಿ ಅಂದರೆ ಸಾಕು, ಬಾಗಿಲು ಹಾಕಬಹುದು. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಅನ್ನುವ 8(2) ಉಳಿದಿದೆ ಅಂತ ಸರಕಾರ ಹೇಳುತ್ತದೆ. ಉಳಿದಿದೆ, ನಿಜ. ಆದರೆ ಅದು ಅಧಿಕಾರಿ ಮನಸ್ಸು ಮಾಡಿದರೆ ಮಾತ್ರ.

ನನಗೆ ಜಾಸ್ತಿ ಚುಚ್ಚಿದ್ದು ತಾರೀಕುಗಳು. ನವೆಂಬರ್ 2025ರ ಮಧ್ಯದಲ್ಲಿ ನಿಯಮಗಳು ಬಂದವು. ಮಾಹಿತಿ ಹಕ್ಕಿಗೆ ಕತ್ತರಿ ಹಾಕುವ ಭಾಗ ಆ ಕೂಡಲೇ ಜಾರಿ. ಕಂಪನಿಗಳು ನಮ್ಮ ಮಾಹಿತಿಯನ್ನು ಹೇಗೆ ಕಾಯಬೇಕು, ನಾವು ಅದನ್ನು ಅಳಿಸಿ ಅಂತ ಹೇಗೆ ಕೇಳಬೇಕು ಅನ್ನುವ ಭಾಗಕ್ಕೆ 18 ತಿಂಗಳು. ಅಂದರೆ ಮೇ 2027. ಸರಕಾರವನ್ನು ಪ್ರಶ್ನಿಸುವ ದಾರಿ ಇವತ್ತೇ ಕಿರಿದಾಯಿತು, ನಮಗೆ ಸಿಗಬೇಕಾದ ರಕ್ಷಣೆ ಆಮೇಲೆ. ಮಾಹಿತಿ ಹಕ್ಕಿಗೆ 2005ರ ಕೇಂದ್ರ ಕಾಯ್ದೆಗೂ ಮುಂಚೆಯೇ ಸ್ವಂತ ಕಾಯ್ದೆ ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಇವೆ. ಕರ್ನಾಟಕ 2000ದಲ್ಲಿ, ಮಹಾರಾಷ್ಟ್ರ 2002ರಲ್ಲಿ. ಮಹಾರಾಷ್ಟ್ರದಲ್ಲಿ ಅದಕ್ಕಾಗಿ ಅಣ್ಣಾ ಹಜಾರೆ ಉಪವಾಸ ಕೂತಿದ್ದರು. ಈ ಬದಲಾವಣೆ ಬಗ್ಗೆ ನಾನು ಕೂತ ಗೋಷ್ಠಿಯಲ್ಲಿ ಮಾತು ಬಂದದ್ದು ಕಂಪನಿಗಳ ಖರ್ಚು ಎಷ್ಟಾಗುತ್ತದೆ ಅನ್ನುವ ಲೆಕ್ಕದಲ್ಲಿ ಮಾತ್ರ.

ಹೊರಗೆ ಬೀದಿಯಲ್ಲಿ ನಡೆಯುವ ಜಗಳ ಇನ್ನೊಂದು ಬಗೆ. 2025ರಲ್ಲಿ ಮುಂಬಯಿಯಲ್ಲಿ ಇದ್ದವರಿಗೆ ಗೊತ್ತು. ಒಂದನೇ ಕ್ಲಾಸಿನಿಂದ ಹಿಂದಿ ಅಂತ ಏಪ್ರಿಲ್‌ನಲ್ಲಿ ಆದೇಶ, ಜೂನ್‌ನಲ್ಲಿ ತಿದ್ದುಪಡಿ, ಜೂನ್ 29ಕ್ಕೆ ಎರಡೂ ವಾಪಸ್. ಜುಲೈ 5ಕ್ಕೆ ವರ್ಲಿಯಲ್ಲಿ ಠಾಕ್ರೆ ಸೋದರರು ಒಂದೇ ವೇದಿಕೆಯಲ್ಲಿ. ಬ್ಯಾಂಕಿನಲ್ಲಿ ಮರಾಠಿ ಮಾತಾಡಿ ಅಂತ ಇಲ್ಲಿ ಗಲಾಟೆ, ಕನ್ನಡ ಮಾತಾಡಿ ಅಂತ ಅಲ್ಲಿ ಗಲಾಟೆ. ಮುಂಬಯಿ ಕನ್ನಡಿಗರು ಎರಡನ್ನೂ ನೋಡುತ್ತಾ ಕೂತವರು. ನಾವು ಮರಾಠಿ ಕಲಿತೆವು, ಮಕ್ಕಳೂ ಕಲಿತರು, ಯಾರಿಗೂ ನಷ್ಟ ಆಗಲಿಲ್ಲ. ಪಾಲಿಕೆಯ ಕನ್ನಡ ಶಾಲೆಗಳೂ ಇದೇ ಊರಲ್ಲಿ ನಡೆದುಬಂದಿವೆ, ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೂ ಪಠ್ಯ ಅಚ್ಚು ಹಾಕುತ್ತದೆ. ಅದಕ್ಕೆ ಮಹಾರಾಷ್ಟ್ರಕ್ಕೆ ಧನ್ಯವಾದ ಹೇಳಲೇಬೇಕು. ಭಾಷೆಗಾಗಿ ಕೂಗುವವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಬೇರೆ. ಕೌಂಟರಿನ ಹಿಂದೆ ಕೂತ ಬಿಹಾರದ ಹುಡುಗನ ಮೇಲೆ ಜೋರು ಮಾಡುವುದು ಸುಲಭ. ಆ ಕೌಂಟರೇ ಈಗ ಫೋನಿನೊಳಗೆ ಹೋಗಿದೆ. 'ಹಲೋ ಯುಪಿಐ' ಶುರುವಾದದ್ದು ಹಿಂದಿ, ಇಂಗ್ಲಿಷಿನಲ್ಲಿ. ಬಿಡುಗಡೆ ಆದದ್ದು ಮರಾಠಿಯ ರಾಜಧಾನಿಯಲ್ಲಿ. ಆಗ ಬೀದಿಗೆ ಇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ. ಖಾತೆ ಫ್ರೀಜ್ ಆದ ಮೆಸೇಜ್ ಯಾವ ಭಾಷೆಯಲ್ಲಿ ಬರುತ್ತದೆ ಅಂತ ಕೇಳಿದ ಪಕ್ಷವನ್ನೂ ನಾನು ಕಂಡಿಲ್ಲ. ಹಾಗಾಗಿ ಈ ಪತ್ರ ವಿರೋಧ ಪಕ್ಷದವರಿಗೂ ಸೇರಿದ್ದು ಅಂತ ಓದಿಕೊಳ್ಳಿ. ನೀವೂ ಬನ್ನಿ, ಆ ಒಂದು ಗಂಟೆ ಕೂರಿ.

ಇದು ಆಗದ ಮಾತೇನಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಅಂದರೆ ಟಿಐಎಫ್‌ಆರ್‌ನವರು ದೇಶದ ಮೊದಲ ಕಂಪ್ಯೂಟರುಗಳಲ್ಲಿ ಒಂದಾದ ಟಿಫ್‌ರ್ಯಾಕ್ ಕಟ್ಟಿದ್ದು ಈ ಊರಲ್ಲಿ. ನಾನು ಈಗ ಟೈಪ್ ಮಾಡುತ್ತಿರುವ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರು ಮುಂಬಯಿಯಲ್ಲಿ ದುಡಿದವರು. ಭಾರತೀಯ ಭಾಷೆಗಳು ಕಂಪ್ಯೂಟರಿಗೆ ಬರಲು ಪುಣೆಯ ಸರಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ತಂಡ ದೊಡ್ಡ ಕೆಲಸ ಮಾಡಿತು. ಪುಣೆಯಲ್ಲಿ ಫೆಬ್ರವರಿ ಬಂದರೆ ಜಿನ್ಯೂನಿಫೈ ಅಂತ ಮುಕ್ತ ತಂತ್ರಾಂಶದ ಜಾತ್ರೆ ಇರುತ್ತಿತ್ತು. ಕಾಲೇಜಿನ ಹಾಲು, ಪ್ಲಾಸ್ಟಿಕ್ ಕುರ್ಚಿ. ಹಿಂದಿನ ಸಾಲಿನ ಹುಡುಗ ಕೈ ಎತ್ತಿ 'ಸರ್, ಅದು ಹಾಗಲ್ಲ, ನನ್ನ ಮೆಷೀನಿನಲ್ಲಿ ಓಡುತ್ತಿಲ್ಲ' ಅಂದರೆ, ಮಾತಾಡುತ್ತಿದ್ದವರು ಭಾಷಣ ನಿಲ್ಲಿಸಿ ಅವನ ಲ್ಯಾಪ್‌ಟಾಪ್ ಮುಂದೆ ಬಗ್ಗುತ್ತಿದ್ದರು. ಅರ್ಧ ಗಂಟೆ ಹೋಯಿತು ಅಂತ ಯಾರೂ ಗೊಣಗುತ್ತಿರಲಿಲ್ಲ, ಕೇಳಲೆಂದೇ ಎಲ್ಲರೂ ಬಂದಿರುತ್ತಿದ್ದರು. ಪ್ರಾಯೋಜಕರು ಬಂದ ಮೇಲೆ ಕಾಫಿ ಸುಧಾರಿಸಿತು, ಕೈ ಎತ್ತುವುದು ಕಡಿಮೆಯಾಯಿತು.

ಹೇಗೆ ಮಾಡುವುದು ಅಂತ ಕೇಳಿದರೆ, ನನ್ನ ತಲೆಯಲ್ಲಿ ಇರುವುದನ್ನು ಹೇಳುತ್ತೇನೆ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಲಿ. 22 ಭಾಷೆಗೆ ಸರಕಾರದ ಅನುವಾದ ವ್ಯವಸ್ಥೆ ಭಾಷಿಣಿ ಇದೆ ಅಂತ ನೀವೇ ವೇದಿಕೆಯಲ್ಲಿ ತೋರಿಸುತ್ತೀರಿ. ಯಾದಗಿರಿಯ ಕನ್ನಡವನ್ನೂ ಬೈಂದೂರಿನ ಕನ್ನಡವನ್ನೂ ಅದರ ಮುಂದೆ ಇಡಿ. ಅದಕ್ಕಿಂತ ಒಳ್ಳೆಯ ಡೆಮೊ ನಿಮಗೆ ಸಿಗುವುದಿಲ್ಲ. ತಡವರಿಸಿದರೆ ಅನುವಾದ ಮಾಡಲು ನಾವು ಸಂಘದವರು ಪುಕ್ಕಟೆ ಬರುತ್ತೇವೆ. ವೇದಿಕೆ ಮೇಲೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಯಾರೂ ನಗುವುದಿಲ್ಲ. ಆದರೆ 30 ದಿನದಲ್ಲಿ ಬರವಣಿಗೆಯಲ್ಲಿ ಕೊಡಿ. ಮಾಹಿತಿ ಹಕ್ಕು ಕಾಯ್ದೆಯ ಗಡುವು ಅದೇ, ನಿಮಗೂ ಅಭ್ಯಾಸ ಇರುತ್ತದೆ. ಆ ಉತ್ತರಗಳನ್ನು ಮುಂದಿನ ವರ್ಷದ ಸಮಾವೇಶದ ಬಾಗಿಲಲ್ಲೇ ಅಚ್ಚು ಹಾಕಿಸಿ ಇಡಿ. ಪ್ರಾಯೋಜಕರ ಹೆಸರು ಬೇಕಾದರೆ ಮೇಲೆ ಇರಲಿ.

ಪ್ರಶ್ನೆಗಳನ್ನು ಎಲ್ಲಿಂದ ತರುವುದು ಅನ್ನುವ ಚಿಂತೆ ಬೇಡ. ಮೊದಲ ಸಾಲಿಗೆ ನಾನು ಇಬ್ಬರನ್ನು ಕರೆತರುತ್ತೇನೆ. ಯಾದಗಿರಿಯ ಆಕೆ ಬರುತ್ತೇನೆ ಅಂದಿದ್ದಾಳೆ, ಅವತ್ತಿನ ಕೂಲಿ ಸಿಕ್ಕರೆ. ಅದನ್ನು ಸಂಘ ಕೊಡುತ್ತದೆ, ನೀವು ಕೊಟ್ಟರೆ ಇನ್ನೂ ಚಂದ. ಹೋಟೆಲಿನವರದು ಒಂದೇ ಷರತ್ತು. ಹನ್ನೆರಡರಿಂದ ಮೂರರವರೆಗೆ ಊಟದ ಗಿರಾಕಿ, ನಾಲ್ಕೂವರೆ ಮೇಲೆ ಚಹಾದ ಗಿರಾಕಿ. ನಿಮ್ಮ ಆ ಒಂದು ಗಂಟೆಯನ್ನು ಮೂರೂಕಾಲಿಗೆ ಇಟ್ಟರೆ ಗಲ್ಲಾದಲ್ಲಿ ಮಗನನ್ನು ಕೂರಿಸಿ ಬರುತ್ತಾರಂತೆ.

ಇಂತಿ,
ಡೊಂಬಿವಲಿಯ ಒಬ್ಬ ಕನ್ನಡತಿ